ಮೂರನೇ ಪಂತಿ ಎಂಬ ಹೆಸರು

ಮೈಕು ಹಿಡಿದವರಿಗೆಲ್ಲ ಒಂದೇ ಪ್ರಶ್ನೆ. “ಅಮ್ಮಾ, ನಿಮ್ಮ ತಂಡಕ್ಕೆ ಇಂಥ ಹೆಸರು ಹೇಗೆ ಬಂತು?” ತಮಿಳಿನಲ್ಲಿ ಕೇಳುತ್ತಾರೆ, ಕೇಳಿ ತಾವೇ ಮೊದಲು ನಗುತ್ತಾರೆ. ಕೊಯಮತ್ತೂರಿನ ಸಭಾಂಗಣವಿರಲಿ, ಆನೈಮಲೈ ಕಡೆಯ ಯಾವುದೋ ಗುಡಿಯ ಚಪ್ಪರವಿರಲಿ, ಈ ಪ್ರಶ್ನೆ ಕೇಳದೆ ಹಾಡಲು ಬಿಟ್ಟ ನಿರೂಪಕನನ್ನು ನಾನು ಇನ್ನೂ ನೋಡಿಲ್ಲ. ಹಾಡಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಹಾಡು, ಅದರಲ್ಲಿ ಬರುವ ಹೊಳೆ ಯಾವುದು, ಆ ಊರು ಈಗ ಎಲ್ಲಿದೆ, ಯಾರಿಗೂ ಬೇಡ. ಇವರಿಗೆ ನಗುವುದಕ್ಕೆ ಒಂದು ಹೆಸರು ಬೇಕು, ಅಷ್ಟೇ.

ತಂಡದ ಹೆಸರು ‘ಮೂರನೇ ಪಂತಿ’. ಐದು ಜನ ಹೆಂಗಸರು, ಒಂದು ಜೊತೆ ತಾಳ, ಒಂದು ಚಾಪೆ. ನಡುವೆ ಕೂರುವವಳು ನಮ್ಮವ್ವ. ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ, ಎಡಗಣ್ಣಿನ ಪೊರೆ ತೆಗೆಸಿದ್ದಾಗಿದೆ, ಗಂಟಲು ಮಾತ್ರ ಇನ್ನೂ ಇಪ್ಪತ್ತರದ್ದು. ಅವಳ ಬಲಕ್ಕೆ ನನ್ನ ತಂಗಿ, ಎಡಕ್ಕೆ ಚಿಕ್ಕಮ್ಮ, ಹಿಂದೆ ಕಿಣತ್ತುಕಡವಿನ ನಮ್ಮ ಹಳೆಯ ತೋಟದ ನೆರೆಯ ಹೆಂಗಸರಿಬ್ಬರು. ಮದುವೆಮನೆಯ ಸೋಬಾನೆ ಹಾಡುಗಳೇ ಇವರ ಬಂಡವಾಳ. ಅವನ್ನು ಈಗ ವೇದಿಕೆಯ ಮೇಲೂ ಹಾಡುತ್ತಾರೆ.

ಪ್ರಶ್ನೆ ಕೇಳಿದ ಕೂಡಲೇ ಅವ್ವ ಮೈಕು ತೆಗೆದುಕೊಂಡು, ಪ್ರತಿ ಸಲವೂ ಅದೇ ಮಾತು ಹೇಳುತ್ತಾಳೆ. “ಒಂದು ಮದುವೇಲಿ ಹಾಡ್ತಾ ಹಾಡ್ತಾ ಹೊತ್ತೋಯ್ತು. ಮೂರನೇ ಪಂತೀಲಿ ಕೂತ್ವಿ. ಎಲೆ ಬಂತು, ಊಟ ಬರ್ಲಿಲ್ಲ.” ಜನ ಗೊಳ್ಳೆಂದು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ನಾಲ್ಕನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ಅದು ಯಾರ ಮದುವೆ ಎಂದು ಅವಳು ಹೇಳುವುದಿಲ್ಲ. ಅದು ನನ್ನ ಮಗಳ ಮದುವೆ.

ವಿಚಿತ್ರ ಹೆಸರುಗಳ ಮೇಲೆ ನನಗೇನೂ ಹಗೆಯಿಲ್ಲ. ಪೋತ್ತನೂರಿನಲ್ಲಿ ನಮ್ಮ ಬೀದಿಯ ಕಾಲೇಜು ಹುಡುಗರು ಗಿಟಾರು, ಡ್ರಮ್ಮು ಇಟ್ಟುಕೊಂಡು ಒಂದು ಗುಂಪು ಕಟ್ಟಿದ್ದಾರೆ. ಅದರ ಹೆಸರು ‘ತಣ್ಣಿ ವಂದಾಚ್ಚು’, ಅಂದರೆ ನೀರು ಬಂತು. ಅಭ್ಯಾಸಕ್ಕೆ ಕೂತಾಗಲೆಲ್ಲ ಯಾರಾದರೊಬ್ಬರ ತಾಯಿ ಮಹಡಿಯಿಂದ ಹಾಗೆಂದು ಕೂಗುತ್ತಿದ್ದಳು. ಎಲ್ಲರೂ ವಾದ್ಯ ಬಿಟ್ಟು ಕೊಡ ಹಿಡಿದು ಓಡಬೇಕಿತ್ತು. ಒಂದು ಹಾಡೂ ಕೊನೆ ಮುಟ್ಟುತ್ತಿರಲಿಲ್ಲ. ಒಳ್ಳೆ ಹೆಸರು, ಕೇಳಿದಾಗ ನಾನೂ ನಕ್ಕಿದ್ದೇನೆ.

ಅದಕ್ಕಿಂತ ಹೆಚ್ಚಾಗಿ, ನಾನೇ ಒಂದು ತಂಡಕ್ಕೆ ಹೆಸರಿಟ್ಟವನು. ನಾನು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವರ್ಕ್‌ಶಾಪಿನ ನಾಲ್ಕು ಜನ ಸೇರಿ ಹಳೆಯ ಸಿನಿಮಾ ಹಾಡುಗಳ ಮೇಳ ಮಾಡಿಕೊಂಡಿದ್ದರು. ವರ್ಷದ ಸಮಾರಂಭದಲ್ಲಿ ಸಾಹೇಬರ ಭಾಷಣ ಮುಗಿಯುವವರೆಗೆ ಇವರು ವೇದಿಕೆಯ ಹಿಂದೆ ಮೇಕಪ್ಪು ಕರಗಿಸಿಕೊಂಡು ಕಾಯಬೇಕು. ಜಂಕ್ಷನ್ನಿಗೆ ಬರುವ ಗಾಡಿ ಜಾಗವಿಲ್ಲದೆ ಊರಾಚೆ ಔಟರ್ ಸಿಗ್ನಲ್ಲಿನಲ್ಲಿ ನಿಲ್ಲುತ್ತದಲ್ಲ, ಹಾಗೆ. “ಔಟರ್ ಅಂತಲೇ ಹೆಸರಿಟ್ಟುಕೊಳ್ಳಿ” ಎಂದೆ. ಇಟ್ಟುಕೊಂಡರು. ಸಾಹೇಬರಿಗೂ ಅರ್ಥವಾಯಿತು. ಮುಂದಿನ ವರ್ಷ ಭಾಷಣ ಅರ್ಧಕ್ಕೆ ಇಳಿಯಿತು. ಕಾಯಿಸಿದವರಿಗೆ ಮುಟ್ಟಿ ನೋಡಿಕೊಳ್ಳುವ ಹಾಗೆ ಹೆಸರಿಡುವುದು ನನ್ನ ಜಾಣತನವೆಂದು ಬಹಳ ದಿನ ಮೆರೆದೆ. ಆ ಜಾಣತನವನ್ನು ನನ್ನ ಮೇಲೇ ಇನ್ನೊಬ್ಬರು ತೋರಿಸಿದಾಗ ಸಹಿಸಲಾಗಲಿಲ್ಲ.

ನಮ್ಮ ಮನೆಗಳ ಪದ್ಧತಿಯನ್ನು ಇಲ್ಲಿ ಹೇಳಬೇಕು. ಮದುವೆಯೆಂದರೆ ಹಾಡುವವರಿಗೆ ಉಸಿರಾಡಲು ಬಿಡುವಿಲ್ಲ. ಅರಿಶಿನಕ್ಕೊಂದು ಹಾಡು, ಬಳೆಗೊಂದು, ಧಾರೆಗೊಂದು, ಆರತಿಗೊಂದು. ಮೊದಲ ಪಂತಿ ಗಂಡಿನ ಕಡೆಯ ಬೀಗರದ್ದು. ಅವರು ಉಣ್ಣುವಾಗ ಎಲೆಯ ಮುಂದೆ ನಿಂತು ಅವರನ್ನು ಆಡಿಕೊಂಡು ಹಾಡಬೇಕು, ಗಂಡಿನ ಸೋದರಮಾವನ ಹೊಟ್ಟೆ, ಅತ್ತೆಯ ಮೂಗುತಿ, ಯಾವುದನ್ನೂ ಬಿಡಬಾರದು. ಹಾಡದಿದ್ದರೆ ಬೀಗರಿಗೇ ಬೇಸರ. ಎರಡನೇ ಪಂತಿಯಲ್ಲಿ ನೆಂಟರು ಕೂರುತ್ತಾರೆ. ಹೆಣ್ಣು ಗಂಡು ಒಂದೇ ಎಲೆಯಲ್ಲಿ ಉಣ್ಣುವ ಬೂವದ ಊಟವೂ ಆಗಲೇ, ಅದಕ್ಕೂ ಹಾಡು. ಎಲ್ಲ ಮುಗಿದು ಹಾಡಿದವರು ಕೂರುವುದು ಮೂರನೇ ಪಂತಿಗೆ.

ಅದರಲ್ಲಿ ಅವಮಾನವಿರಲಿಲ್ಲ. ಏಕೆಂದರೆ ಮೊದಲ ಪಂತಿಗೆ ಎಲೆ ಹಾಕುವ ಮುಂಚೆಯೇ, ದೇವರಿಗೆ ಇಟ್ಟ ಮೇಲೆ, ಪ್ರತಿಯೊಂದು ಅಡುಗೆಯಿಂದಲೂ ಮೊದಲ ಸೌಟು ಅವರ ಪಾಲಿಗೆ ಹೋಗುತ್ತಿತ್ತು. ಅದಕ್ಕೆ ಹಾಡೋರ ಪಾತ್ರೆ ಎಂದು ಹೆಸರು. ಅನ್ನ, ಸಾರು, ಪಲ್ಯ, ಒಬ್ಬಟ್ಟು, ಪಾಯಸ ಎಲ್ಲವನ್ನೂ ಎತ್ತಿ ಉಗ್ರಾಣದಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಕಟ್ಟುವವನು ಹೆಣ್ಣಿನ ಅಪ್ಪ, ಬೇರೆ ಯಾರೂ ಕಟ್ಟುವ ಹಾಗಿಲ್ಲ. ಕಟ್ಟುವ ಬಟ್ಟೆ ಅವನ ಹೆಗಲ ಮೇಲಿನ ಹೊಸ ಶಲ್ಯ. ಆಮೇಲೆ ಇಡೀ ದಿನ ಅವನು ಬರೀ ಹೆಗಲಲ್ಲಿ ಓಡಾಡಬೇಕು. ಹೆಣ್ಣಿನ ಅಪ್ಪನ ಹೆಗಲು ಖಾಲಿ ಕಂಡರೆ ಒಳಗೆ ಪಾತ್ರೆ ಕಟ್ಟಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ನನ್ನ ತಂಗಿಯ ಮದುವೆಯಲ್ಲಿ ನಮ್ಮಪ್ಪ ಕಟ್ಟಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ತೋಟದ ಮನೆಯ ಉಗ್ರಾಣ, ಕಂಚಿನ ಹಂಡೆ, ಅವನು ಮೂರು ಸುತ್ತು ಸುತ್ತಿ ಗಂಟು ಹಾಕಿ, ಗಂಟನ್ನು ಎಳೆದು ನೋಡಿದ. ಆ ದಿನ ಊಟಕ್ಕೆ ಜನ ಹೆಚ್ಚಾಗಿ ಎರಡನೇ ಪಂತಿಗೇ ಪಾಯಸ ಮುಗಿಯಿತು. ಗಂಡಿನ ಕಡೆಯ ಹಿರಿಯನೊಬ್ಬ ಒಳಗೆ ಬಂದು ಆ ಹಂಡೆ ಬಿಚ್ಚಿ ಎಂದ. ಅಪ್ಪ ಕೈ ಮುಗಿದು, “ಅದು ನನ್ನದಲ್ಲ, ಹಾಡೋರದ್ದು” ಎಂದುಬಿಟ್ಟ. ಅಷ್ಟೊಂದು ಬಡಾಯಿ ಇಲ್ಲದ ಮನುಷ್ಯ, ಆ ಒಂದು ಮಾತು ಹೇಳುವಾಗ ನೆಟ್ಟಗೆ ನಿಂತಿದ್ದ.

ಇಷ್ಟು ಗೊತ್ತಿದ್ದವನು ನಾನು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಗಳ ಮದುವೆ ಪೊಳ್ಳಾಚಿ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಬೀಗರು ತಿರುಪ್ಪೂರಿನವರು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವವರು, ಬನಿಯನ್ ವ್ಯಾಪಾರದಲ್ಲಿ ಮೇಲೆ ಬಂದವರು. ಅವರ ಮುಂದೆ ಯಾವುದರಲ್ಲೂ ಕಡಿಮೆಯಾಗಬಾರದೆಂದು ನಾನು ಮೂರು ತಿಂಗಳು ನಿದ್ದೆಗೆಟ್ಟಿದ್ದೆ. ಅಡುಗೆಯನ್ನು ಕೇಟರಿಂಗ್‌ನವರಿಗೆ ಕೊಟ್ಟೆ. ತಲೆಗೆ ಪ್ಲಾಸ್ಟಿಕ್ ಟೋಪಿ, ಕೈಗೆ ಗವಸು ಹಾಕಿಕೊಂಡು ಬಡಿಸುವ ಜನ. ಮೇಲ್ವಿಚಾರಕನ ಕಿವಿಯಲ್ಲಿ ಒಂದು ಯಂತ್ರ, ಅದರಲ್ಲಿ ಯಾರ ಜೊತೆಗೋ ಮಾತಾಡುತ್ತಲೇ ಇದ್ದ.

ಬೆಳಿಗ್ಗೆ ಮುಹೂರ್ತಕ್ಕೆ ಮುಂಚೆ ಅವ್ವ ನನ್ನನ್ನು ಹುಡುಕಿಕೊಂಡು ಬಂದಳು. ಹಸಿರು ಸೀರೆ, ಕೈಯಲ್ಲಿ ತಾಳ. “ಪಾತ್ರೆ ಎತ್ತಿಟ್ಯಾ, ಸಾಮಿ?”

“ಆಮಾ, ಆಯ್ತು” ಎಂದು ಹೌದೆನ್ನುವಂತೆ ತಲೆಯಾಡಿಸಿದೆ.

ಎತ್ತಿಟ್ಟಿರಲಿಲ್ಲ. ಮರೆತಿರಲೂ ಇಲ್ಲ. ಅಡುಗೆಮನೆ ಬಾಗಿಲವರೆಗೆ ಹೋಗಿ ಬಂದಿದ್ದೆ. ಆ ಕಿವಿಯ ಯಂತ್ರದವನನ್ನು ತಡೆದು ನಿಲ್ಲಿಸಿ, ಒಂದು ಹಂಡೆ ಕೊಡಪ್ಪಾ, ಅದಕ್ಕೆ ನಾನು ಶಲ್ಯ ಕಟ್ಟಬೇಕು ಎಂದು ಕೇಳಲು ನಾಚಿಕೆಯಾಯಿತು. ಅದಲ್ಲದೆ ಆ ಶಲ್ಯ ನನ್ನ ಭಾವಮೈದ ಕಾಂಚೀಪುರದಿಂದ ತಂದದ್ದು, ಅಂಗೈ ಅಗಲದ ಜರಿ. ಫೋಟೋದವನು, “ಸಾರ್, ಇದು ಹೀಗೇ ಇರಲಿ, ಬಹಳ ಚೆನ್ನಾಗಿದೆ” ಎಂದಿದ್ದ. ಇಷ್ಟೇ ಕಾರಣ. ನಾಚಿಕೆ, ಮೇಲೆ ಒಂದು ಜರಿ. ಬರೆಯುವಾಗ ಕೈ ಕಡಿದು ಹಾಕೋಣ ಅನ್ನಿಸುತ್ತದೆ.

ಬೀಗರು ಒಂದು ಬಸ್ಸು ಎಂದಿದ್ದರು, ಎರಡು ಬಸ್ಸಿನಲ್ಲಿ ಬಂದರು. ಇದು ನಿಜ. ಆದರೆ ಎರಡನೇ ಬಸ್ಸು ಗೇಟಿನೊಳಗೆ ತಿರುಗಿದಾಗ ನನಗೆ ಗಾಬರಿಯಾಗಲಿಲ್ಲ, ಹೆಮ್ಮೆಯಾಯಿತು. ಇದೂ ನಿಜ, ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಮೊದಲ ಪಂತಿ ಬೀಗರದ್ದು, ಎರಡನೆಯದೂ ಬಹುಪಾಲು ಅವರದ್ದೇ ಆಯಿತು. ಅವ್ವನ ಗುಂಪು ಎರಡು ಪಂತಿಗೂ ನಿಂತು ಹಾಡಿತು. ಗಂಡಿನ ಸೋದರಮಾವನ ಹೊಟ್ಟೆಯ ಹಾಡಿಗೆ ಆ ಸೋದರಮಾವನೇ ಇನ್ನೊಂದು ಸಲ ಹಾಡಿ ಎಂದು ಕೇಳಿ, ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಂಡ.

ಆಮೇಲಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ತಂಗಿ ಹೇಳಿದ್ದು. ಐದು ಜನ ಕೂತರು. ಐದು ಎಲೆ ಬಂತು, ನೀರು ಚಿಮುಕಿಸಿ ಒರೆಸಿಕೊಂಡರು. ಉಪ್ಪು ಬಂತು, ಉಪ್ಪಿನಕಾಯಿ ಬಂತು. ಎಲೆ ಕಂಡ ಕೂಡಲೇ ಅವ್ವ ಸೆರಗಿನ ಗಂಟಿನಿಂದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದು ನುಂಗಿದಳು, ಊಟ ಬಂದೇ ಬರುತ್ತದೆಂದು. ಬರಲಿಲ್ಲ. ಟೋಪಿಯವರು ಅತ್ತ ಮೇಜಿನ ಮೇಲಿನ ಕಾಗದ ಸುತ್ತತೊಡಗಿದರು. ತಂಗಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆ ತೊಳೆಯುತ್ತಿದ್ದರು. “ಮುಗಿದುಹೋಯ್ತುಂಗಮ್ಮಾ, ಸ್ವಲ್ಪ ಹೊತ್ತಾದರೆ ಮೊಸರನ್ನ ಕಲಸಿ ಕೊಡ್ತೇವೆ” ಎಂದರಂತೆ. ಅವಳು ವಾಪಸ್ಸು ಬರುವಷ್ಟರಲ್ಲಿ ಅವ್ವನ ಕೈ ನಡುಗುತ್ತಿತ್ತು, ಮುಖವೆಲ್ಲ ಬೆವರು. ತಲೆ ನಿಧಾನವಾಗಿ ಎಲೆಯ ಮೇಲೆ ಇಳಿಯಿತು.

ನನ್ನ ಹೆಂಡತಿ ಬಾಗಿಲ ಬಳಿಗೆ ಓಡಿದಳು. ಬಂದವರಿಗೆ ಕೊಡಲು ಪನ್ನೀರು, ಗಂಧದ ಜೊತೆ ಒಂದು ತಟ್ಟೆಯಲ್ಲಿ ಕಲ್ಲುಸಕ್ಕರೆ ಇಟ್ಟಿದ್ದೆವಲ್ಲ, ಅದನ್ನು ಹಿಡಿ ತುಂಬ ತಂದು ಅವ್ವನ ಬಾಯಿಗೆ ಹಾಕಿದಳು. ಅಷ್ಟು ದೊಡ್ಡ ಮಂಟಪದಲ್ಲಿ, ಅಷ್ಟು ಜನ ಉಂಡು ಕೈ ತೊಳೆದ ಮೇಲೆ, ಮದುಮಗಳ ಅಜ್ಜಿಗೆ ಸಿಕ್ಕಿದ್ದು ಸ್ವಾಗತದ ತಟ್ಟೆಯ ಕಲ್ಲುಸಕ್ಕರೆ.

ನಾನು ಗೇಟಿನಲ್ಲಿ ಬೀಗರ ನೆಂಟರಿಗೆ ತಾಂಬೂಲದ ಚೀಲ ಹಂಚುತ್ತಿದ್ದೆ. ಯಾರೋ ಬಂದು ಹೇಳಿದರು. ಒಳಗೆ ಹೋದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು, ಹಣೆಗೆ ಉಪ್ಪಿನಕಾಯಿಯ ಎಣ್ಣೆ ಹತ್ತಿತ್ತು. ಹೆದರಿದವನು ಏನು ಮಾತಾಡಬೇಕೋ ಅದನ್ನು ಮಾತಾಡಲಿಲ್ಲ. “ಅಷ್ಟೊತ್ತು ಹಾಡಕ್ಕೆ ಯಾರವ್ವಾ ಹೇಳಿದ್ದು ನಿನಗೆ? ಬೆಳಿಗ್ಗೆ ಎರಡು ಇಡ್ಲಿ ತಿಂದು ಕೂರಕ್ಕಾಗಲ್ವಾ? ಬೀಗರ ಮುಂದೆ ನನ್ನ ಮಾನ ತೆಗೀತೀಯಲ್ಲ” ಎಂದೆ. ಐದು ಜನ ಹೆಂಗಸರ ಎದುರಿಗೆ, ಐದು ಖಾಲಿ ಎಲೆಯ ಎದುರಿಗೆ.

ಅವ್ವ ನನ್ನ ಮುಖ ನೋಡಲಿಲ್ಲ. ನನ್ನ ಹೆಗಲ ಹತ್ತಿರ ಎಲ್ಲೋ ನೋಡುತ್ತಾ ಕಲ್ಲುಸಕ್ಕರೆ ಕಡಿದಳು. ಆಗ ನನಗೆ ಅದೇನೂ ಅನ್ನಿಸಲಿಲ್ಲ.

ಆಮೇಲೆ ಕೇಳಿದವರಿಗೆಲ್ಲ ಉತ್ತರ ಕೊಡಬೇಕಲ್ಲ. ಮೊದಲು ಕೇಟರಿಂಗ್‌ನವರ ಮೇಲೆ ಹಾಕಿದೆ. ಅವರು, ನೀವು ಹೇಳಿದ ಲೆಕ್ಕಕ್ಕೆ ಸರಿಯಾಗಿಯೇ ಮಾಡಿದ್ದೇವೆ ಎಂದು ತಿರುಗಿ ನಿಂತರು. ಆಗ ಬಸ್ಸಿನ ಮೇಲೆ ಹಾಕಿದೆ. “ಒಂದು ಅಂತ ಹೇಳಿ ಎರಡು ಬಸ್ಸಲ್ಲಿ ಬಂದ್ರೆ ಯಾರೇನು ಮಾಡಕ್ಕಾಗುತ್ತೆ” ಎಂದು ನಮ್ಮ ಕಡೆಯ ನಾಲ್ಕು ಮನೆಯಲ್ಲಿ ಹೇಳಿದೆ. ನಾಲ್ಕು ಮನೆಯಲ್ಲಿ ಹೇಳಿದ ಮಾತು ತಿರುಪ್ಪೂರಿಗೆ ಹೋಗಿ ಮುಟ್ಟಲು ಎಷ್ಟು ಹೊತ್ತು ಬೇಕು? ಹಾಡೋರ ಪಾತ್ರೆಯ ಮಾತನ್ನು ನಾನೂ ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ.

ಎಂಟು ತಿಂಗಳು ಅವ್ವ ಹಾಡಲಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಮಡಿಸುವಾಗ ಗುನುಗುವುದೂ ನಿಂತಿತು. ಮನೆ ತಣ್ಣಗಾಗಿತ್ತು. ನಾನು ಅದನ್ನು ವಯಸ್ಸಿನ ಮೇಲೆ ಹಾಕಿದೆ. ಯಾವುದನ್ನಾದರೂ ಯಾವುದರ ಮೇಲಾದರೂ ಹಾಕುವುದರಲ್ಲಿ ನಾನು ಪಳಗಿದವನು.

ಆಗ ನಗರದ ಕನ್ನಡದವರ ಸಂಘವೊಂದು ಮನೆಹಾಡುಗಳ ಕಾರ್ಯಕ್ರಮ ಇಟ್ಟುಕೊಂಡಿತು. ತಂಗಿಯನ್ನು ಕೇಳಿದರು, ಅವಳು ಚಿಕ್ಕಮ್ಮನನ್ನು ಎಳೆದಳು, ಇಬ್ಬರೂ ಸೇರಿ ಅವ್ವನನ್ನು ಒಪ್ಪಿಸಿದರು. ಬ್ಯಾನರಿಗೆ ತಂಡದ ಹೆಸರು ಬೇಕು ಎಂದು ಸಂಘದವರು ಫೋನು ಮಾಡಿದಾಗ ತಂಗಿ ನಮ್ಮ ಮನೆಯ ಜಗಲಿಯಲ್ಲೇ ಕೂತಿದ್ದಳು. “ಮೂರನೇ ಪಂತಿ ಅಂತ ಬರೀರಿ” ಎಂದಳು. ನಾನು ಪೇಪರು ಓದುತ್ತಿದ್ದವನು ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅವ್ವ ಒಳಗಿನಿಂದ, “ಆಮಾ, ಅದೇ ಇರ್ಲಿ” ಎಂದಳು.

ಅಂದಿನಿಂದ ಆ ಹೆಸರಿನ ಮೇಲೆ ಯುದ್ಧ ಹೂಡಿದೆ. ಇದೇನು ಹೆಸರೇ, ಭಿಕ್ಷೆಗೆ ಕೂತವರ ಹಾಗೆ, ಎಂದು ಕೂಗಾಡಿದೆ. ಹತ್ತು ಹೆಸರು ಬರೆದು ಕೊಟ್ಟೆ, ಗಾನವಂತೆ, ಸಿರಿಯಂತೆ, ಬಳಗವಂತೆ. ಯಾರೂ ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ನಾನೇ ಒಂದು ಹೆಸರು ಆರಿಸಿ, ವೀಣೆಯ ಚಿತ್ರ ಹಾಕಿಸಿ, ಇನ್ನೂರು ಕಾರ್ಡು ಅಚ್ಚು ಮಾಡಿಸಿಕೊಂಡು ಬಂದೆ. ಅವ್ವ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ, “ನೀ ಇಟ್ಟ ಹೆಸರು ಚೆನ್ನಾಗದೆ, ಸಾಮಿ. ಬೇರೆ ಯಾರಾದ್ರೂ ಹಾಡೋರಿದ್ರೆ ಕೊಡು” ಎಂದಳು. ಕಾರ್ಡುಗಳು ಈಗಲೂ ಇವೆ. ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುತ್ತಾಳೆ.

ನನ್ನ ಮಾನದ ಮಾತಾಗಿದ್ದರೆ ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ಒಂದು ಮಧ್ಯಾಹ್ನ ಮಗಳ ಫೋನು ಬಂತು. ಆಗ ಅವಳ ಮಗುವಿಗೆ ಮೂರು ತಿಂಗಳು.

“ಅಪ್ಪಾ, ಅಜ್ಜಿ ಹತ್ರ ಹೇಳಿ ಆ ಹೆಸರು ಮಾತ್ರ ಬದಲಾಯಿಸ್ರಿ. ಇಲ್ಲಿ ನಂಗೆ ಕಷ್ಟ ಆಗ್ತಿದೆ.”

“ಏನಾಯ್ತಮ್ಮಾ?”

“ಎರಡು ಬಸ್ಸಲ್ಲಿ ಬಂದು ತಿಂದ್ವಿ ಅಂತ ಊರೂರಲ್ಲಿ ಬ್ಯಾನರ್ ಕಟ್ಟಿ ಹಾಡ್ತಾರಾ ನಿಮ್ಮಜ್ಜಿ ಅಂತ ಮಾವ ಕೇಳ್ತಾರೆ. ಅತ್ತೆ ಪ್ರತಿ ಹೊತ್ತು ಊಟಕ್ಕೆ ಕೂರೋವಾಗ, ನಾವು ಜಾಸ್ತಿ ತಿನ್ನೋರಮ್ಮಾ, ಮೊದ್ಲು ನೀನು ಹಾಕ್ಕೋ ಅಂತಾರೆ. ಪ್ರತಿ ಹೊತ್ತು, ಅಪ್ಪಾ.”

ಅವಳಿಗೆ ನಿಜ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನೇ ನಂಬಿದ್ದಳು, ತಪ್ಪು ಬಸ್ಸಿನದು ಎಂದು. ಗಂಡನ ಮನೆಯಲ್ಲಿ ಅನ್ನದ ತಟ್ಟೆಯ ಮುಂದೆ ನನ್ನ ಸುಳ್ಳನ್ನು ದಿನಕ್ಕೆ ಮೂರು ಸಲ ನುಂಗುತ್ತಿದ್ದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬದಲಿಗೆ ಹೋಗಿ ಅವ್ವನ ಮೇಲೆ ರೇಗಿದೆ, ಮೊಮ್ಮಗಳ ಸಂಸಾರ ಹಾಳು ಮಾಡ್ತೀಯಾ ಎಂದು. ಅವ್ವ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, “ಅವಳ ಸಂಸಾರ ಸರಿ ಮಾಡೋದು ನಿನ್ನ ಕೈಲಿ ಅದೆ” ಎಂದಳು.

ಕಳೆದ ತಿಂಗಳು ತಂಡಕ್ಕೆ ತಿರುಪ್ಪೂರಿನಲ್ಲೇ ಕಾರ್ಯಕ್ರಮ ಬಂತು. ಭಾನುವಾರ ಬೆಳಿಗ್ಗೆ. ಬೀಗರು ಬಂದು ಮುಂದಿನ ಸಾಲಿನಲ್ಲಿ ಕೂತರು, ಹೆಂಡತಿ, ಮಗ, ಮಡಿಲಲ್ಲಿ ಮಗು ಇಟ್ಟುಕೊಂಡ ನನ್ನ ಮಗಳ ಸಮೇತ. ನನ್ನನ್ನೂ ಅವರ ಪಕ್ಕದಲ್ಲೇ ಕೂರಿಸಿದರು. ನಿರೂಪಕಿ ಬಂದಳು, ಮೈಕು ಚಾಚಿದಳು, ಅದೇ ಪ್ರಶ್ನೆ. ಅವ್ವ ಮೈಕು ತೆಗೆದುಕೊಳ್ಳಲಿಲ್ಲ.

“ಅದು ನಮ್ಮ ಮಗನ್ಗೆ ಚೆನ್ನಾಗಿ ಗೊತ್ತು. ಅಗೋ ಅಲ್ಲಿ ಕೂತವ್ನೆ. ಅವನ್ನೇ ಕೇಳಿ.”

ಮೈಕು ಕೈಯಿಂದ ಕೈಗೆ ಬಂದು ನನ್ನ ಕೈ ಸೇರಿತು. ಎದ್ದು ನಿಂತೆ. ಬೀಗರು ಕಾಲ ಮೇಲೆ ಕಾಲು ಹಾಕಿ ನನ್ನನ್ನೇ ನೋಡುತ್ತಿದ್ದರು. ಮಗಳು ಮಗುವಿನ ಟೋಪಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. ಹೇಳಬೇಕಾಗಿದ್ದುದು ಒಂದೇ ಮಾತು: ಪಾತ್ರೆ ಕಟ್ಟಬೇಕಾದವನು ನಾನು, ಕಟ್ಟಲಿಲ್ಲ, ಕಟ್ಟಿದೆ ಎಂದು ಸುಳ್ಳು ಹೇಳಿದೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ನಯವಾದ ತಮಿಳು ಹೊರಟಿತು. ಅಡುಗೆಯವರ ಅಜಾಗರೂಕತೆಯಿಂದ ಒಂದು ಸಣ್ಣ ಗೊಂದಲವಾಯಿತು, ನಮ್ಮ ತಾಯಿಯವರು ಅದನ್ನೇ ಹಾಸ್ಯವಾಗಿ ತೆಗೆದುಕೊಂಡು ಹೆಸರಿಟ್ಟರು, ಹೀಗೆ ಏನೇನೋ. ಜನ ನಕ್ಕರು. ಚಪ್ಪಾಳೆಯೂ ಬಂತು.

ಕೂತ ಮೇಲೆ ಬೀಗರು ನನ್ನ ಕಡೆ ಬಾಗಿ, “ಅಂದ್ರೆ ಅವರು ಮಾಡಿದ್ದು ಒಂದು ಬಸ್ಸಿಗೆ, ನಾವು ಬಂದಿದ್ದು ಎರಡು ಬಸ್ಸು. ಅಷ್ಟೇ ತಾನೇ ಸಂಬಂಧಿ?” ಎಂದರು. ನಾನು ಹಲ್ಲು ಕಿರಿದೆ. ಅಲ್ಲ ಎನ್ನಲಿಲ್ಲ. ಮಗಳಿಗೆ ಅದು ಕೇಳಿಸಿತು. ಕಾರ್ಯಕ್ರಮ ಮುಗಿಯುವವರೆಗೂ ಅವಳು ನನ್ನ ಕಡೆ ತಿರುಗಲಿಲ್ಲ.

ಹಿಂತಿರುಗುವಾಗ ಕಾರಿನಲ್ಲಿ ತಂಗಿ, “ಮೈಕು ಕೈಗೆ ಕೊಟ್ರೂ ನಿನಗೆ ಆಗ್ಲಿಲ್ವಲ್ಲ ಅಣ್ಣಾ” ಎಂದಳು. ನಾನು ಅವಳ ಮೇಲೆ ಹರಿಹಾಯ್ದೆ. ಅವ್ವ ಮುಂದಿನ ಸೀಟಿನಲ್ಲಿ ಎರಡು ಬಿಸ್ಕತ್ತು ತಿಂದು, ಆಮೇಲೆ ಮಾತ್ರೆ ನುಂಗಿದಳು. ಈಗೀಗ ಹಾಗೆಯೇ. ಎಲೆಯನ್ನು ನೋಡಿ ಮಾತ್ರೆ ನುಂಗುವುದನ್ನು ಬಿಟ್ಟಿದ್ದಾಳೆ, ಹೊಟ್ಟೆಗೆ ಬಿದ್ದ ಮೇಲೇ ನುಂಗುತ್ತಾಳೆ.

ಅದಕ್ಕೇ ಬರೆಯಲು ಕೂತೆ. ಬರೆದರೆ ಭಾರ ಇಳಿಯುತ್ತದೆಂದು. ನಾಲ್ಕು ಪುಟ ಬರೆದ ಮೇಲೆ ಹೊಳೆಯಿತು, ಇದರಲ್ಲೂ ನಾನು ಕಳ್ಳಾಟವನ್ನೇ ಆಡಿದ್ದೇನೆ. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಬರುವವನು ನಾನೊಬ್ಬನೇ. ಮೈಸೂರಿಗೆ ವರ್ಗವಾಗಿ ಆರು ವರ್ಷ ಇದ್ದಾಗ ಕಲಿತದ್ದು. ಅವ್ವನಿಗೆ ಬರುವುದಿಲ್ಲ, ಅವಳ ಹಾಡಿನ ಪುಸ್ತಕದಲ್ಲಿ ಕನ್ನಡ ಹಾಡುಗಳೆಲ್ಲ ತಮಿಳು ಅಕ್ಷರದಲ್ಲಿವೆ. ತಂಗಿಗೆ ಬರುವುದಿಲ್ಲ, ಮಗಳಿಗೆ ಬರುವುದಿಲ್ಲ, ಬೀಗರ ಮನೆಯಲ್ಲಿ ಒಬ್ಬರಿಗೂ ಬರುವುದಿಲ್ಲ. ತಮಿಳಿನಲ್ಲಿ ಬರೆದು ಒಂದು ಕಾಗದ ಹಾಕಿದ್ದರೆ ಮುಗಿಯುತ್ತಿತ್ತು. ಯಾರೂ ಓದಲಾರದ ಕಡೆ ಹೋಗಿ ತಪ್ಪೊಪ್ಪಿಕೊಂಡು ಕಣ್ಣೊರೆಸಿಕೊಳ್ಳುವ ಈ ಧೈರ್ಯಕ್ಕೆ ಏನೆನ್ನಬೇಕು?

ಇವತ್ತು ಬೆಳಿಗ್ಗೆ ಅವ್ವ ಮೊರದಲ್ಲಿ ಬೆಳ್ಳುಳ್ಳಿ ಹಾಕಿಕೊಂಡು ಬಂದು ಎದುರಿಗೆ ಕೂತಳು.

“ನಾಲ್ಕು ದಿವ್ಸದಿಂದ ಏನು ಬರೀತಿದ್ದೀಯ?”

“ನಿಮ್ಮ ತಂಡದ ಹೆಸರಿನ ಬಗ್ಗೆ.”

“ಓದು.”

ಓದಿದೆ. ಔಟರ್ ಸಿಗ್ನಲ್ಲಿಗೆ ನಕ್ಕಳು. ಅಪ್ಪ ಗಂಟು ಎಳೆದು ನೋಡಿದ ಜಾಗ ಬಂದಾಗ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದಳು. ‘ಆಮಾ, ಆಯ್ತು’ ಎಂದಲ್ಲಿಗೆ ಬಂದು ನನ್ನ ದನಿ ನಿಂತಿತು.

“ಗೊತ್ತು, ಓದು” ಎಂದಳು.

“ಏನು ಗೊತ್ತು?”

“ನಿನ್ನ ಹೆಗಲ ಮೇಲೆ ಶಲ್ಯ ಇತ್ತಲ್ಲ, ಸಾಮಿ. ಮುಹೂರ್ತಕ್ಕೆ ಮುಂಚೇನೇ ನೋಡ್ದೆ. ನಿನ್ನ ತಂಗೀನೂ ನೋಡಿದ್ಲು.”

ಮದುವೆಯ ಆಲ್ಬಮ್ಮು ನೆನಪಿಗೆ ಬಂತು. ಮೊದಲ ಫೋಟೋದಿಂದ ಕೊನೆಯ ಫೋಟೋದವರೆಗೆ ನನ್ನ ಹೆಗಲ ಮೇಲೆ ಜರಿ ಹೊಳೆಯುತ್ತದೆ. ಕಣ್ಣಿದ್ದವರಿಗೆಲ್ಲ ಕಾಣುವ ಹಾಗೆ. ನನಗೆ ಮತ್ತೆ ಸಿಟ್ಟೇ ಬಂತು, ಇನ್ನೇನು ಬರುತ್ತದೆ ನನಗೆ. “ಗೊತ್ತಿದ್ದೂ ಯಾಕೆ ಹಾಡಿದೆ? ಅಲ್ಲೇ ಹಿಡಿದು ಕೇಳಬಾರದಿತ್ತಾ?”

“ಮೊಮ್ಮಗಳ ಮದುವೆ. ಹಾಡ್ದೆ ಇರಕ್ಕಾಗುತ್ತಾ?” ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡಳು. “ಈಗಾದ್ರೂ ಕಟ್ಟಿರ್ತಾನೆ ಅಂತ ಹಾಡಿನ ಮಧ್ಯ ಮೂರು ಸಲ ಒಳಗೆ ಹೋಗಿ ನೋಡ್ಕಂಡು ಬಂದೆ.”

ಉಳಿದದ್ದನ್ನು ಓದಿ ಮುಗಿಸಿದೆ. ಕಲ್ಲುಸಕ್ಕರೆಯದು, ನಾನು ಆಡಿದ ಮಾತಿನದು, ತಿರುಪ್ಪೂರಿನದು, ಒಂದನ್ನೂ ಬಿಡಲಿಲ್ಲ. ಅವ್ವ ಸಿಪ್ಪೆಯನ್ನು ಒಂದು ಕಡೆಗೆ ಗುಡಿಸಿಕೊಂಡು ಎದ್ದಳು. ಈ ಭಾನುವಾರ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ, ನಮ್ಮ ಮನೆಯಲ್ಲೇ ಊಟ, ಬೀಗರ ಮನೆಯವರೆಲ್ಲ ಬರುತ್ತಾರೆ.

“ಭಾನ್ವಾರ ಅವರು ಬಂದಾಗ ಇದನ್ನ ಓದು” ಎಂದಳು.

“ಊಟ ಆದ್ಮೇಲೆ ಓದ್ತೀನಿ.”

“ಬೇಡ. ಎಲೆ ಹಾಕಕ್ಕೆ ಮುಂಚೆ ಓದು. ಹಸ್ಕೊಂಡಿದ್ರೆ ಚೆನ್ನಾಗಿ ಕೇಳಿಸುತ್ತೆ.”

ಇವತ್ತು ಗುರುವಾರ.